ಸಂದರ್ಭ-ಸ್ವಾರಸ್ಯ ಮೀಮಾಂಸೆ: ಹೆಬ್ಬಾಳದ ಕಿತ್ತಯ್ಯನ ನಿದರ್ಶನ ಸಹಿತ

ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಪಾಠ ಓದಿರಬೇಕು ಎಂಬ ಪೂರ್ವಪಕ್ಷವನ್ನು ಕನ್ನಡ ನಾಡಿನ ವಿದ್ಯಾರ್ಥಿಗಳು ಎಂದೋ ಖಂಡಿಸಿದ್ದಾರೆ. ಅವರ ಸಿದ್ಧಾಂತದ ಮೊದಲ ಸೂತ್ರ: ಪ್ರಶ್ನೆಯ ತಲೆಯೇ ಉತ್ತರದ ತಲೆ. ನಿದರ್ಶನಕ್ಕೆ ಒಂದು ಗದ್ಯಭಾಗ: 'ಲಿಬ್ಬುಳವು ಟೊಣಕದಲ್ಲಿ ಮಿಸ್ಸನೆ ಪಿಗುಡಿತು.' ಪ್ರಶ್ನೆ: ಲಿಬ್ಬುಳವು ಎಲ್ಲಿ ಪಿಗುಡಿತು? ಉತ್ತರ: ಲಿಬ್ಬುಳವು ಟೊಣಕದಲ್ಲಿ ಪಿಗುಡಿತು. ಪೂರ್ಣಾಂಕ. ಲಿಬ್ಬುಳ ಯಾವ ಪ್ರಾಣಿ ಎಂದು ಕೇಳುವ ಹುಡುಗನಿಗೆ ಮಾತ್ರ ಸಮಯ ಸಾಲುವುದಿಲ್ಲ.

ಎರಡನೆಯ ಸೂತ್ರ ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯಲ್ಲಿ ಪಾಠದ ಒಂದು ವಾಕ್ಯ ಕೊಟ್ಟು ಅದರ ಸಂದರ್ಭ, ಸ್ವಾರಸ್ಯ ವಿವರಿಸಿ ಎನ್ನುವ ಮೂರಂಕದ ಪ್ರಶ್ನೆಗೆ ಸಂಬಂಧಿಸಿದ್ದು. ಅದರ ಉತ್ತರಕ್ಕೆ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಅಂಗ. ಸಾರಾ ಅಬೂಬಕ್ಕರ್ ಅವರ 'ಯುದ್ಧ'ವಿರಲಿ, ಪು.ತಿ.ನ. ಅವರ 'ಶಬರಿ'ಯಿರಲಿ, ಕೊನೆಯ ಸಾಲು ಒಂದೇ: '...ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ.' ಆರಂಭದ ಚುಕ್ಕಿಗಳಲ್ಲಿ ಯುದ್ಧದ ಭೀಕರತೆಯನ್ನೋ ಶಬರಿಯ ಭಕ್ತಿಯನ್ನೋ ತುಂಬುವುದು ಬಸ್ಸಿಗೆ ಬೋರ್ಡು ಬದಲಿಸಿದಷ್ಟೇ ಸಲೀಸು.

ಇನ್ನು ಪ್ರಯೋಗ. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ಹೊರಗಿನ ಗದ್ಯವನ್ನೂ ಕೊಡುವುದುಂಟು. ಅದಕ್ಕೆ ಕಿತ್ತಯ್ಯನೆಂಬ ವೀರನ ನೆನಪಿನ ಹೆಬ್ಬಾಳದ ವೀರಗಲ್ಲಿಗಿಂತ ಅರ್ಹ ಗದ್ಯ ಸಿಗದು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಬರಹ 'ಕವಿರಾಜಮಾರ್ಗ'ಕ್ಕಿಂತ ಒಂದು ಶತಮಾನ ಹಿರಿಯದು. ಬೆಂಗಳೂರಿನಲ್ಲಿ ದೊರೆತ ಕನ್ನಡ ಶಾಸನಗಳಲ್ಲೇ ಹಳೆಯದೆಂದು ಪರಿಗಣಿತವಾಗಿದೆ. 2018ರಲ್ಲಿ ಬೆಳಕಿಗೆ ಬರುವ ತನಕ ಯಾವ ಗೈಡಿನವರ ಕೈಗೂ ಸಿಕ್ಕಿರಲಿಲ್ಲ.

ಯಾರ ಆಳ್ವಿಕೆ? ಶ್ರೀಪುರುಷನದು. ಯಾವ ನಾಡು? ಪೆರ್ಬೊಳಲ್‌ನಾಡು ಮೂವತ್ತು. ದಂಡೆತ್ತಿ ಬಂದವರು? ರಟ್ಟವಾಡಿಯವರು. ಕಿತ್ತಯ್ಯ ಏನಾದ? ಕಾದಾಡಿ ಇಂದ್ರಲೋಕ ಸೇರಿದ. ಕೆಲವೇ ಸಾಲುಗಳಲ್ಲಿ ಕಲ್ಲು ಎಲ್ಲಕ್ಕೂ ಉತ್ತರಿಸಿದೆ.

ಆದರೆ ಮೌಲ್ಯಮಾಪಕರ ಕೈಯಲ್ಲಿರುವುದು ಸಂದರ್ಭ-ಸ್ವಾರಸ್ಯದ ಮಾದರಿ ಉತ್ತರ. 'ಈ ವಾಕ್ಯವನ್ನು ಆರಿಸಿಕೊಳ್ಳಲಾಗಿದೆ' ಎಂದು ಕಲ್ಲು ಎಲ್ಲೂ ಹೇಳಿಲ್ಲ: ಆಯ್ಕೆಯ ಅಂಕ ಹೋಯಿತು. ಕಿತ್ತಯ್ಯನ ಶೌರ್ಯ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆಯೆಂದು ಕೆತ್ತಲು ರೂವಾರಿ ಮರೆತಿದ್ದಾನೆ: ಸ್ವಾರಸ್ಯದ ಅಂಕವೂ ಹೋಯಿತು. ಮೂರಕ್ಕೆ ಒಂದು.

ಕಿತ್ತಯ್ಯನ ಕಡೆಯವರು ಮರುಮೌಲ್ಯಮಾಪನ ಕೋರಬಹುದು. ನಿಯಮದಂತೆ ಮೊದಲು ಉತ್ತರ ಪತ್ರಿಕೆಯ ಛಾಯಾಪ್ರತಿ ಪಡೆಯಬೇಕು. ಅದಕ್ಕೆ ಅಡ್ಡಿಯಿಲ್ಲ; ಸಂಶೋಧನಾ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು 3ಡಿಯಲ್ಲೇ ಸ್ಕ್ಯಾನ್ ಮಾಡುತ್ತಿದ್ದಾರೆ. ಶುಲ್ಕವನ್ನು ಗಂಗರ ನಾಣ್ಯದಲ್ಲಿ ಸ್ವೀಕರಿಸುವ ಬಗ್ಗೆ ಮಾತ್ರ ಸುತ್ತೋಲೆ ಹೊರಡಬೇಕಿದೆ.