ನಮ್ಮ ವೈಫೈ ಸರ್

ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಅವರೊಬ್ಬರು ಇದ್ದೇ ಇರುತ್ತಾರೆ. ಸಂಬಳದ ಚೀಟಿಯಲ್ಲಿ ಅವರ ಹುದ್ದೆ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್. ಜನರ ಬಾಯಲ್ಲಿ ಬರೀ ‘ವೈಫೈ ಸರ್’. ತಂದೆತಾಯಿ ಇಟ್ಟ ಹೆಸರು ಗೊತ್ತಿರುವುದು ಅಕೌಂಟ್ಸ್ ವಿಭಾಗಕ್ಕೆ ಮಾತ್ರ. ಗುರುತು ಹಿಡಿಯುವುದು ಸುಲಭ: ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡು ಓಡಾಡುವವರು ಯಾರೋ ಅವರೇ. ಸರ್ವರ್ ರೂಮಿನ ಏಸಿ ಹಗಲೂ ರಾತ್ರಿ ಓಡುವುದು ಯಂತ್ರಗಳ ಆರೋಗ್ಯಕ್ಕೆ. ಇವರ ಪಾಲಿಗೆ ಬಂದದ್ದು ನೆಗಡಿ. ಹೆಗಲ ಮೇಲೆ ನೀಲಿ ಕೇಬಲ್ಲಿನ ಸುರುಳಿ, ಪ್ಯಾಂಟಿನ ಜೇಬಲ್ಲಿ ಕ್ರಿಂಪಿಂಗ್ ಟೂಲು, ಬಾಯಲ್ಲಿ “ನೋಡ್ತೀನಿ ಸರ್”.

ವೈರು ಇರುವುದೆಲ್ಲ ಇವರ ಜವಾಬ್ದಾರಿ ಎಂದು ಆಫೀಸು ಎಂದೋ ತೀರ್ಮಾನಿಸಿಬಿಟ್ಟಿದೆ. ಪ್ರೊಜೆಕ್ಟರ್ ಹತ್ತದಿದ್ದರೆ ಇವರು, ಕಾಫಿ ಮೆಷಿನ್ನು ಹಾಲು ಸುರಿಸದಿದ್ದರೆ ಇವರು. ಕರೆಂಟು ಹೋದಾಗಲೂ ಮೊದಲ ಫೋನು ಇವರಿಗೇ: “ಸರ್, ನೆಟ್ ಬರ್ತಿಲ್ಲ.” ಕತ್ತಲಲ್ಲೇ ಇವರು ಉತ್ತರ ಕೊಡುತ್ತಾರೆ: “ನೋಡ್ತೀನಿ ಸರ್.”

ಇಂಥವರ ಧರ್ಮ ಒಂದೇ: ನಡೆಯುತ್ತಿರುವುದನ್ನು ಮುಟ್ಟಬಾರದು. ಸೀಲಿಂಗಿನಲ್ಲಿ ತಟ್ಟೆಗಳ ಹಾಗೆ ಅಂಟಿಕೊಂಡಿರುವ ಆಕ್ಸೆಸ್ ಪಾಯಿಂಟುಗಳನ್ನೆಲ್ಲ ಆಳುವುದು ಯೂನಿಫೈ ಎಂಬ ಸಾಫ್ಟ್‌ವೇರು. ಅದರ ವಾಸ, ಅವರ ಮೇಜಿನ ಕೆಳಗಿನ ಒಂದು ಹಳೇ ಡೆಸ್ಕ್‌ಟಾಪಿನಲ್ಲಿ. ಅದರ ನೆತ್ತಿಯ ಮೇಲೆ ‘ದಯವಿಟ್ಟು ಆಫ್ ಮಾಡಬೇಡಿ’ ಎಂಬ ಚೀಟಿ, ಪಕ್ಕದಲ್ಲಿ ಆಯುಧಪೂಜೆಯ ಕುಂಕುಮ. ಅದನ್ನು ಅಲ್ಲಿ ಕೂರಿಸಿದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಯಿತು; ಪಾಸ್‌ವರ್ಡಿನಲ್ಲಿ ಮಾತ್ರ ಅವರ ಮಗಳ ಹೆಸರು ಇನ್ನೂ ಇದೆ. ಪ್ರತಿ ಬೆಳಿಗ್ಗೆ ವೈಫೈ ಸರ್ 8443ನೇ ಪೋರ್ಟಿನಲ್ಲಿ ಅದರ ಪುಟ ತೆರೆಯುತ್ತಾರೆ. “ಈ ಜಾಗ ಸುರಕ್ಷಿತವಲ್ಲ” ಎಂದು ಬ್ರೌಸರ್ ಎಚ್ಚರಿಸುತ್ತದೆ. ಪರವಾಗಿಲ್ಲ ಎಂದು ಒಳಗೆ ಹೋಗುತ್ತಾರೆ. ಅಲ್ಲಿ ಹೊಸ ಆವೃತ್ತಿ ಬಂದಿದೆಯೆಂಬ ಸೂಚನೆ ಕಾದಿರುತ್ತದೆ. ಹುತ್ತ ಕಂಡ ಹಳ್ಳಿಯವರು ಕೈಮುಗಿದು ಪಕ್ಕಕ್ಕೆ ಸರಿಯುವಂತೆ, ಇವರು ಅದನ್ನು ಗೌರವದಿಂದ ನೋಡಿ ಕಿಟಕಿ ಮುಚ್ಚುತ್ತಾರೆ.

ಮುಂದೂಡಲು ಕಾರಣಗಳಿಗೇನು ಬರ? ಮಾರ್ಚಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ, ಏಪ್ರಿಲ್‌ನಲ್ಲಿ ಅಪ್ರೈಸಲ್, ದಸರೆಗೆ ಅರ್ಧ ಆಫೀಸು ಊರಿಗೆ. ಶುಕ್ರವಾರ ಮುಟ್ಟಿದರೆ ಶನಿವಾರ, ಭಾನುವಾರ ಹಾಳು. ಸೋಮವಾರ ಮುಟ್ಟಿದರೆ ವಾರವೇ ಹಾಳು. ರಾಹುಕಾಲದಲ್ಲಿ ತಮಗೆ ನಂಬಿಕೆಯಿಲ್ಲ ಎನ್ನುತ್ತಾರೆ. ಆದರೂ ಸ್ವಿಚ್ಚು ಬದಲಾಯಿಸುವ ಕೆಲಸ ಶನಿವಾರ 10.30 ದಾಟಿದ ಮೇಲೇ ಶುರುವಾಗುತ್ತದೆ.

ಈ ಧರ್ಮಕ್ಕೆ ಮೊದಲ ಪೆಟ್ಟು ಬಿದ್ದದ್ದು 2021ರ ಡಿಸೆಂಬರಿನಲ್ಲಿ. ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ತೂತು ಪತ್ತೆಯಾಗಿ ಇಡೀ ಜಗತ್ತಿನ ಅಡ್ಮಿನ್‌ಗಳ ನಿದ್ದೆ ಹಾರಿಹೋಯಿತು. ಹೊರಗಿನವನೊಬ್ಬ ಸರಿಯಾದ ಒಂದು ಸಾಲು ಬರೆದು ಕಳಿಸಿದರೆ ಸಾಕು, ಯಂತ್ರವೇ ಅವನ ಕೈವಶ. ಯೂನಿಫೈ ಒಳಗೂ ಅದೇ ಲೈಬ್ರರಿ ಇತ್ತು. ಸರಿಪಡಿಸಿದ ಆವೃತ್ತಿಯೂ ಅದೇ ತಿಂಗಳು ಬಂತು. ಮ್ಯಾನೇಜರ್ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಕಳಿಸಿ ಕೇಳಿದರು: “ನಾವು ಸೇಫಾ?” ಅವತ್ತು ಮಾತ್ರ ವೈಫೈ ಸರ್ “ನೋಡ್ತೀನಿ” ಎನ್ನಲಿಲ್ಲ. ರಾತ್ರಿ ಕೂತು ಮಾಡಿಯೇ ಮುಗಿಸಿದರು. ಮರುದಿನದಿಂದ ಮತ್ತೆ ಹಳೆಯ ಧರ್ಮ.

ಅವರ ಹೆದರಿಕೆ ಸುಳ್ಳಲ್ಲ. ಅಪ್‌ಗ್ರೇಡ್ ಎಂದರೆ ಒಂದು ಗುಂಡಿ ಒತ್ತುವುದೆಂದು ತಿಳಿದವರು ಅವರ ಎದುರು ಐದು ನಿಮಿಷ ಕೂರಬೇಕು. ಒಮ್ಮೆ ಎಚ್‌ಆರ್ ಮೇಡಂ ಕೂತರು.

“ಹೊಸದಕ್ಕೆ ಜಾವಾ 17 ಬೇಕು ಮೇಡಂ, ನಮ್ಮಲ್ಲಿರೋದು 8.”

“ಹಾಕ್ಕೊಳ್ಳಿ.”

“ಅದರ ಕೆಳಗೆ ಮಾಂಗೋಡಿಬಿ ಇದೆ, 3.6. ಅದಕ್ಕೆ 2021ರ ಏಪ್ರಿಲ್‌ಗೇ ಸಪೋರ್ಟ್ ನಿಂತೋಯ್ತು.”

“ಹೊಸದು ಹಾಕಿ.”

“ಒಂದೇ ಸಲ ಹಾರೋ ಹಾಗಿಲ್ಲ. ಮೊದಲು 4.0, ಆಮೇಲೆ 4.2, ಆಮೇಲೆ 4.4. ಐದಕ್ಕೆ ಹೋದ್ರೆ ಪ್ರೊಸೆಸರಿಗೆ ಎವಿಎಕ್ಸ್ ಬೇಕು. ನಮ್ಮ ಈ ಡಬ್ಬಕ್ಕೆ ಅದು ಬರಲ್ಲ.”

“ಹೊಸ ಕಂಪ್ಯೂಟರ್ ಬೇಕು ಅಂತ ನೇರವಾಗಿ ಹೇಳಬಾರದಾ?”

ನೇರವಾಗಿ ಹೇಳಿದರು. ಅಕೌಂಟ್ಸ್‌ನವರು ಮೂರು ಕೊಟೇಶನ್ ಕೇಳಿದರು.

ಕೊಟೇಶನ್‌ಗಳು ಬಂದವು, ಬೆಲೆಯ ಚೌಕಾಸಿ ನಡೆಯಿತು, ಬರುವ ದಿನಾಂಕವೂ ಗೊತ್ತಾಯಿತು. ಆ ಭರವಸೆಯ ಮೇಲೆ ವೈಫೈ ಸರ್ ಆಫೀಸಿಗೆಲ್ಲ ಮೇಲ್ ಕಳಿಸಿದರು: ‘ಶನಿವಾರ ರಾತ್ರಿ ವೈಫೈ ನಿರ್ವಹಣಾ ಸಾಫ್ಟ್‌ವೇರಿನ ಅಪ್‌ಗ್ರೇಡ್ ಇದೆ, ಸಹಕರಿಸಿ.’ ಶನಿವಾರ ಕಂಪ್ಯೂಟರ್ ಬರಲಿಲ್ಲ. ಅಪ್‌ಗ್ರೇಡೂ ಆಗಲಿಲ್ಲ. ಹಳೇ ಡಬ್ಬ ಹಳೇ ಚೀಟಿ ಹೊತ್ತು ಹಾಗೇ ಗುಂಯ್‌ಗುಟ್ಟುತ್ತಿತ್ತು. ಮುಂದೂಡಿದ ಸುದ್ದಿ ಕಳಿಸುವಷ್ಟರಲ್ಲಿ ಸೋಮವಾರ ಬೆಳಗಾಗಿತ್ತು.

ಅಷ್ಟರಲ್ಲೇ ದೂರುಗಳ ಸಾಲು. “ಅಪ್‌ಗ್ರೇಡ್ ಆದಾಗಿನಿಂದ ತುಂಬಾ ಸ್ಲೋ ಸರ್.” “ನನ್ನ ಲ್ಯಾಪ್‌ಟಾಪ್ ಈಗ ಬೇಗ ಬಿಸಿಯಾಗ್ತಿದೆ.” “ಮೊದಲಿನ ಹಾಗೆ ಇರಲಿ ಬಿಡಿ ಸರ್, ಏನಕ್ಕೆ ಬೇಕಿತ್ತು?” ಮಾರ್ಕೆಟಿಂಗ್‌ನ ಒಬ್ಬರು ಮಾತ್ರ ಹೆಬ್ಬೆರಳೆತ್ತಿ, “ಸೂಪರ್ ಸರ್, ಈಗ ಫಾಸ್ಟ್ ಆಗಿದೆ” ಎಂದರು. ಎರಡನ್ನೂ ಒಂದೇ ಮುಖದಲ್ಲಿ ಸ್ವೀಕರಿಸಿದ ವೈಫೈ ಸರ್ ಹೇಳಿದ್ದಿಷ್ಟೇ: “ನೋಡ್ತೀನಿ.”

ನೋಡಿದರು ಕೂಡ. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಮನೆಯಿಂದ ತಂದ ರೌಟರೊಂದು 3ನೇ ಚಾನೆಲ್ಲಿನಲ್ಲಿ ಕೂತಿತ್ತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಬ್ಬರ ಕಾಲು ಒಬ್ಬರು ತುಳಿಯದೆ ನಡೆಯಬಹುದಾದ ಚಾನೆಲ್ಲುಗಳು 1, 6, 11 ಮಾತ್ರ. 3ರಲ್ಲಿ ಕೂತರೆ 1ಕ್ಕೂ ತೊಂದರೆ, 6ಕ್ಕೂ ತೊಂದರೆ. ಇನ್ನು ಮಧ್ಯಾಹ್ನ ಒಂದರಿಂದ ಎರಡರವರೆಗಿನ ದೂರೆಲ್ಲ ಪ್ಯಾಂಟ್ರಿ ಸುತ್ತಮುತ್ತಲಿನದು. ಅಲ್ಲಿನ ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈನ ಓಣಿಯಲ್ಲೇ. ಒಂದೊಂದೇ ಡಬ್ಬಿಯ ಅನ್ನ ಸಾರು ಬಿಸಿಯಾಗುವಷ್ಟು ಹೊತ್ತು ಪಕ್ಕದವರ ವೀಡಿಯೊ ಕಾಲ್ ತೊದಲುತ್ತದೆ. ಇವೆರಡೂ ಅಪ್‌ಗ್ರೇಡಿನ ಮಾತೇ ಇಲ್ಲದ ಕಾಲದಿಂದ ಇದ್ದವು. ಮೇಲ್ ಬರುವ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆ.

ಕಡೆಗೂ ಕಂಪ್ಯೂಟರ್ ಬಂತು. ಈ ಸಲ ವೈಫೈ ಸರ್ ಯಾರಿಗೂ ಹೇಳಲಿಲ್ಲ. ಬುಧವಾರ, ಹಾಡಹಗಲು, ಆಫೀಸು ತುಂಬಿರುವಾಗಲೇ ಕೂತರು. ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಗೋಜೇ ಬೇಡವೆಂದು ಹಳೆಯದರಿಂದ ಬ್ಯಾಕಪ್ ಫೈಲ್ ತೆಗೆದು, ಹೊಸ ಯಂತ್ರದಲ್ಲಿ ಹೊಸ ಆವೃತ್ತಿ ಹಾಕಿ, ಅದರೊಳಗೆ ಆ ಫೈಲನ್ನು ಇಳಿಸಿದರು. ಹಳೆಯದರ ಬ್ಯಾಕಪ್ ಹೊಸದರಲ್ಲಿ ಕೂರುತ್ತದೆ. ಹೊಸದರ ಬ್ಯಾಕಪ್ ಹಳೆಯದರಲ್ಲಿ ಕೂರುವುದಿಲ್ಲ. ಆಮೇಲೆ ಹೊಸ ಯಂತ್ರಕ್ಕೆ ಹಳೆಯದರ ಐಪಿ ವಿಳಾಸವನ್ನೇ ಕೊಟ್ಟರು. ಇಲ್ಲದಿದ್ದರೆ ಸೀಲಿಂಗಿನ ತಟ್ಟೆಗಳೆಲ್ಲ 8080ನೇ ಪೋರ್ಟಿನಲ್ಲಿ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತವೆ.

ಇದೆಲ್ಲ ನಡೆಯುವಾಗ ಆಳುವ ಸಾಫ್ಟ್‌ವೇರು ಇರಲೇ ಇಲ್ಲ. ಒಬ್ಬರಿಗಾದರೂ ಗೊತ್ತಾಗಬೇಕಲ್ಲ? ಆಗಲಿಲ್ಲ. ಸೆಟ್ಟಿಂಗುಗಳೆಲ್ಲ ಆಕ್ಸೆಸ್ ಪಾಯಿಂಟುಗಳ ಒಳಗೇ ಇರುವುದರಿಂದ ಮೇಲಿನ ಯಜಮಾನ ಸ್ವಲ್ಪ ಹೊತ್ತು ಇಲ್ಲದಿದ್ದರೂ ವೈಫೈ ತನ್ನ ಪಾಡಿಗೆ ನಡೆಯುತ್ತದೆ. ನಿಲ್ಲುವುದು ಅತಿಥಿಗಳು ಲಾಗಿನ್ ಆಗುವ ಪುಟ ಮಾತ್ರ. ಅವತ್ತು ನಿಜವಾಗಿ ತೊಂದರೆಯಾದವನು ರಿಸೆಪ್ಶನ್ನಿನಲ್ಲಿ ಇಂಟರ್‌ವ್ಯೂಗೆ ಕಾಯುತ್ತಿದ್ದ ಹುಡುಗ ಒಬ್ಬನೇ. ವೈಫೈ ಕೇಳಿದರೆ ಕೆಲಸ ಸಿಗಲಿಕ್ಕಿಲ್ಲವೆಂದು ಹೆದರಿ, ಅವನು ತನ್ನ ಡೇಟಾ ಪ್ಯಾಕಿನಲ್ಲೇ ನಮ್ಮ ಕಂಪನಿಯ ಚರಿತ್ರೆ ಓದಿಕೊಂಡ.

ಆಕ್ಸೆಸ್ ಪಾಯಿಂಟುಗಳ ಫರ್ಮ್‌ವೇರಿಗೆ ಮಾತ್ರ ಈ ಧೈರ್ಯ ಸಲ್ಲದು; ಅದಕ್ಕೆ ಅವು ಒಮ್ಮೆ ಆಫ್ ಆಗಿ ಆನ್ ಆಗಲೇಬೇಕು. ಆ ಕೆಲಸ ಎಲ್ಲರೂ ಮನೆಗೆ ಹೋದ ಮೇಲೆ, ಒಂದೊಂದೇ ಮಹಡಿಯಾಗಿ. ತಟ್ಟೆಯ ದೀಪ ಆರಿ, ಮಿನುಗಿ, ಮತ್ತೆ ನೀಲಿಯಾಗುವ ತನಕ ಕತ್ತೆತ್ತಿ ನಿಂತರು. ಮರುದಿನ ಸ್ವೆಟರಿನ ಮೇಲೆ ಕತ್ತಿಗೊಂದು ಮಫ್ಲರು ಸೇರಿತು. ಏನಾಯಿತೆಂದು ಯಾರೂ ಕೇಳಲಿಲ್ಲ, ಒಂದು ದೂರೂ ಬರಲಿಲ್ಲ. ಅಂದಿನಿಂದ ಅವರ ಧರ್ಮಕ್ಕೆ ಎರಡನೆಯ ಸೂತ್ರ ಸೇರಿದೆ: ಮಾಡುವಾಗ ಹೇಳಬಾರದು, ಹೇಳಿದಾಗ ಮಾಡಬಾರದು.

ನಿಮ್ಮ ಆಫೀಸಿನಲ್ಲೂ ಏಪ್ರಿಲ್‌ನಲ್ಲಿ ಸ್ವೆಟರ್ ಹಾಕಿದವರು ಕಂಡರೆ ನೆಟ್ ಯಾಕೆ ಸ್ಲೋ ಎಂದು ಕೇಳಬೇಡಿ. ಬ್ಯಾಕಪ್ ಫೈಲಿನ ಒಂದು ಪ್ರತಿ ಆ ಯಂತ್ರದಿಂದ ಆಚೆಗೂ ಇದೆಯೇ ಎಂದು ಕೇಳಿ. ಇದೆ ಎಂದರೆ ನಿಮ್ಮ ವೈಫೈ ಒಳ್ಳೆಯವರ ಕೈಯಲ್ಲಿದೆ. ಅವರು ಹೊಸ ಕಂಪ್ಯೂಟರ್ ಬೇಕು ಎಂದಾಗ ಒಂದೇ ಕೊಟೇಶನ್ನಿಗೆ ಒಪ್ಪಿಕೊಳ್ಳಿ.