ಭೋರಿನಲ್ಲಿ ಡೆನ್ಮಾರ್ಕ್, ರಿಯಾಯಿತಿ ದರದಲ್ಲಿ

ಮೊದಲ ಮಳೆ ಬಿದ್ದ ಕೂಡಲೇ ಪುಣೆಯ ಕನ್ನಡಿಗ ಸಾಫ್ಟ್‌ವೇರ್ ದಂಪತಿಗೆ ಯುರೋಪು ನೆನಪಾಗುತ್ತದೆ. ಹೋಗಿಯೇ ಇಲ್ಲದ ಊರನ್ನು ನೆನಪಿಸಿಕೊಳ್ಳುವ ಈ ವಿದ್ಯೆಯನ್ನು ಇನ್‌ಸ್ಟಾಗ್ರಾಂ ಉಚಿತವಾಗಿ ಕಲಿಸುತ್ತಿದೆ. ದಂಪತಿಯ ಹೆಸರು ಬೇಡ. ಹಿಂಜವಡಿ, ವಾಕಡ್, ಖರಾಡಿಯ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಂದು ಜೋಡಿ ಸಿಗುತ್ತದೆ. ಗಂಡ ಮೈಸೂರಿನ ಕಡೆಯವನು, ಹೆಂಡತಿ ಧಾರವಾಡದವಳು, ಗೃಹಸಾಲ ಇಬ್ಬರದು.

ಈ ಸಲ ಡೆನ್ಮಾರ್ಕ್ ಎಂದು ತೀರ್ಮಾನವಾಗಿತ್ತು. ಕೋಪನ್‌ಹೇಗನ್, ಓಡೆನ್ಸ, ಆರ್ಹಸ್, ಬಾಡಿಗೆ ಕಾರು, ಗಾಜಿನ ಮೇಲೆ ಮಳೆಹನಿ, ಹಿನ್ನೆಲೆಗೊಂದು ಮೆಲು ಹಾಡು. ಹಾಡಿನ ಆಯ್ಕೆಯೂ ಮುಗಿದಿತ್ತು. ಆಮೇಲೆ ಗಂಡ ಎಕ್ಸೆಲ್ ಶೀಟ್ ತೆರೆದ. ಷೆಂಗೆನ್ ವೀಸಾಕ್ಕೆ ತಲೆಗೆ 90 ಯೂರೋ, ವೀಸಾ ಕೊಡದಿದ್ದರೂ ಆ ಹಣ ವಾಪಸಿಲ್ಲ. ಕೋಪನ್‌ಹೇಗನ್ನಿನಿಂದ ಓಡೆನ್ಸಕ್ಕೆ ಕಾರಿನಲ್ಲಿ ಹೋಗಬೇಕಾದರೆ ಸಮುದ್ರದ ಮೇಲಿನ 18 ಕಿಲೋಮೀಟರ್ ಉದ್ದದ ಗ್ರೇಟ್ ಬೆಲ್ಟ್ ಹಾದಿ ದಾಟಬೇಕು. 1998ರಲ್ಲಿ ವಾಹನಗಳಿಗೆ ತೆರೆದ ಆ ಸೇತುವೆಯ ಟೋಲ್ ಮೊತ್ತ ರೂಪಾಯಿಗೆ ಪರಿವರ್ತಿಸಿದಾಗ ಅವನಿಗೆ ಮಳೆಯಿಲ್ಲದೆಯೇ ಚಳಿ ಹತ್ತಿತು. ಶೀಟ್ ಮುಚ್ಚಿ, “ನಮಗೆ ಬೇಕಿದ್ದದ್ದು ಮಳೆ ತಾನೇ? ಭೋರ್‌ಗೆ ಹೋಗೋಣ” ಎಂದ.

ಲೆಕ್ಕ ತಪ್ಪಲ್ಲ. ಕೋಪನ್‌ಹೇಗನ್ನಿನಲ್ಲಿ ವರ್ಷಪೂರ್ತಿ ಸುರಿಯುವುದು ಆರೇಳುನೂರು ಮಿಲಿಮೀಟರ್. ಪುಣೆ ಜಿಲ್ಲೆಯದೇ ಆದ ಭೋರ್ ತಾಲ್ಲೂಕಿನ ಪಶ್ಚಿಮದ ಘಟ್ಟದ ನೆತ್ತಿಗೆ ಜುಲೈ ತಿಂಗಳ ಒಂದು ಜೋರು ವಾರ ಅಷ್ಟನ್ನು ತಂದು ಸುರಿದುಬಿಡುತ್ತದೆ. ಡೆನ್ಮಾರ್ಕಿನ ಅತಿ ಎತ್ತರದ ನೈಸರ್ಗಿಕ ನೆಲ 171 ಮೀಟರ್. ಭೋರಿನ ರಾಯರೇಶ್ವರ ಬೆಟ್ಟ ಅದರ ಏಳು ಪಟ್ಟಿಗೂ ಹೆಚ್ಚು. ಮಳೆ ಜಾಸ್ತಿ, ಬೆಟ್ಟ ಜಾಸ್ತಿ, ವೀಸಾ ಇಲ್ಲ. ಪೆಟ್ರೋಲು, ಎರಡು ಪ್ಲೇಟ್ ಕಾಂದಾ ಭಜಿ, ಪ್ರವಾಸ ಮುಗಿಯಿತು.

ದಾರಿಯಲ್ಲೂ ಅಗ್ಗದ ಆವೃತ್ತಿಗಳಿಗೆ ಕೊರತೆಯಿಲ್ಲ. ಸಾತಾರಾ ಹೆದ್ದಾರಿಯಲ್ಲಿ ಕಾಪೂರಹೋಳ ಬಂದರೆ ಬಲಕ್ಕೆ ಭೋರ್. ಇನ್ನೊಂದು ಕಡೆ ಹೊರಳಿದರೆ ಕೇತಕಾವಳೆಯ ‘ಪ್ರತಿ ಬಾಲಾಜಿ’. ತಿರುಪತಿಯ ಸರದಿಯಲ್ಲಿ ನಿಲ್ಲದೆ ತಿಮ್ಮಪ್ಪನನ್ನು ನೋಡಬಹುದು. ಡೆನ್ಮಾರ್ಕಿಗೆ ಹೋಗದೆ ಡೆನ್ಮಾರ್ಕ್ ನೋಡಹೊರಟವರಿಗೆ ಇದು ಸರಿಯಾದ ದೇವರು. ಕೈಮುಗಿದು ಮುಂದೆ ಹೋದರು.

ಭೋರ್ ಪಂತ ಸಚಿವರ ಸಂಸ್ಥಾನವಾಗಿದ್ದ ಊರು. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅರಮನೆ ಇನ್ನೂ ಇದೆ. ಆದರೆ ಇತಿಹಾಸ ಕೇಳಲು ನಮ್ಮವರು ಇಲ್ಲಿಗೆ ಬರುವುದಿಲ್ಲ, ಯಾವ ಸಿನಿಮಾ ಶೂಟಿಂಗ್ ಆಗಿತ್ತು ಎಂದು ಕೇಳುತ್ತಾರೆ. ಊರಾಚೆ ನೀರಾ ನದಿ ಬಳುಕಿ ತಿರುಗುವ ತಿರುವಿಗೆ ‘ನೆಕ್ಲೇಸ್ ಪಾಯಿಂಟ್’ ಎಂದು ಹೆಸರಾಗಿದೆ. ನದಿ ಒಡವೆಯಾದ ಮೇಲೆ ಅದನ್ನು ಕೊರಳಿಗೆ ಹಾಕಿಕೊಂಡಂತೆ ಫೋಟೊ ತೆಗೆಸಿಕೊಳ್ಳದೆ ಬಿಡುವುದುಂಟೇ? ಕಾರು ರಸ್ತೆ ನಡುವೆಯೇ ನಿಂತಿತು. ಹಿಂದಿದ್ದ ಹಾಲಿನ ಟೆಂಪೊದವನು ಹಾರ್ನ್ ಹೊಡೆದದ್ದಕ್ಕೆ ಗಂಡ, “ಜನಕ್ಕೆ ಸೌಂದರ್ಯಪ್ರಜ್ಞೆಯೇ ಇಲ್ಲ” ಎಂದ.

ಭಾಟಘರ್ ಅಣೆಕಟ್ಟು ಕಂಡಾಗ ಅವನ ಕನ್ನಡಾಭಿಮಾನ ಕೋಡಿ ಹರಿಯಿತು. “ಇದೂ ನಮ್ಮ ವಿಶ್ವೇಶ್ವರಯ್ಯನವರದ್ದೇ ಕಣೇ.” ಕಾವೇರಿಯಿಂದಾಚೆ ನೀರು ನಿಂತ ಕಡೆಯಲ್ಲೆಲ್ಲ ಮೈಸೂರು ಪೇಟ ಕಾಣುವ ಕಣ್ಣು ಅದು. ಸರ್ ಎಂ.ವಿ. ಅವರ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಕೂತದ್ದು ಪುಣೆಯ ಖಡಕ್ವಾಸ್ಲಾದಲ್ಲಿ. 1909ರಲ್ಲಿ ಅವರು ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದರು. ಮುಂಬಯಿ ಗವರ್ನರ್ ಲಾಯ್ಡ್ ಹೆಸರು ಹೊತ್ತ ಈ ಅಣೆಕಟ್ಟು ಮುಗಿದದ್ದು 1920ರ ದಶಕದ ಕೊನೆಗೆ. ಆದರೇನು, ಅಭಿಮಾನಕ್ಕೆ ಇಸವಿ ಕೇಳುವವರು ದ್ರೋಹಿಗಳು. ಅಭಿಮಾನ ತೀರಿದ ಮೇಲೆ ಗಂಡ ಚಿಪ್ಸಿನ ಪ್ಯಾಕೆಟ್ ಖಾಲಿ ಮಾಡಿ ಅದೇ ನೀರಿನ ಕಡೆ ಎಸೆದ. ವಿಶ್ವೇಶ್ವರಯ್ಯನವರಿಗೆ ಸಲ್ಲಿಸಿದ ನೈವೇದ್ಯ ಎಂದುಕೊಳ್ಳೋಣ.

ರಾಯರೇಶ್ವರದ ಮೇಲೆ ಹೆಂಡತಿಯ ಸರದಿ. 1645ರಲ್ಲಿ ಶಿವಾಜಿ ಸ್ವರಾಜ್ಯದ ಶಪಥ ಮಾಡಿದ್ದು ಇಲ್ಲಿಯೇ ಎಂದು ಮರಾಠಿಗರು ನಂಬುವ ಜಾಗ. ಕಬ್ಬಿಣದ ಏಣಿ ಹತ್ತಿ ಹೋದರೆ ಪ್ರಸ್ಥಭೂಮಿಯ ಮೇಲೆ ಶಿವನ ಗುಡಿ, ಸುತ್ತ ಜಂಗಮರ ಮನೆಗಳು. “ಜಂಗಮರೇನ್ರಿ? ಅಯ್ಯ, ನಮ್ಮವರ!” ಎಂದು ಆಕೆಗೆ ಕಣ್ಣು ತುಂಬಿತು. ಮನೆಯಾಕೆ ಹೊಗೆಯೊಲೆಯ ಮುಂದೆ ಕೂತು ಪಿಠಲೆ, ಭಾಕರಿ ಮಾಡಿ ಬಡಿಸಿದಳು. ಉಪ್ಪಿನಿಂದ ಹಿಡಿದು ಎಣ್ಣೆಯವರೆಗೆ ಎಲ್ಲವೂ ತಲೆಯ ಮೇಲೆ ಹೊತ್ತು ಏಣಿ ಹತ್ತಿ ಬಂದದ್ದು. ದುಡ್ಡು ಕೊಡುವ ಹೊತ್ತಿಗೆ ಕಣ್ಣೀರು ಆರಿತ್ತು. “ನಮ್ಮವರಾದ ಮ್ಯಾಲೆ ಇಪ್ಪತ್ತು ರೂಪಾಯಿ ಕಡಿಮಿ ಮಾಡಬೇಕಲ್ರಿ” ಎಂದು ಹರಕು ಮರಾಠಿಯಲ್ಲಿ ಚೌಕಾಸಿ ನಡೆಯಿತು. ಪುಣೆಯ ಮಾಲ್‌ನಲ್ಲಿ ಇದೇ ಪಿಠಲೆಯನ್ನು ಕಪ್ಪು ಕಲ್ಲಿನ ತಟ್ಟೆಯಲ್ಲಿಟ್ಟು ಹತ್ತು ಪಟ್ಟು ಕೇಳಿದರೂ, ಮೇಲೆ ಸರ್ವಿಸ್ ಚಾರ್ಜ್ ಸೇರಿಸಿದರೂ ಈ ಜೋಡಿ ಬಾಯಿ ಬಿಡುವುದಿಲ್ಲ. ಚೌಕಾಸಿಯ ಶೌರ್ಯ ಬಡವರ ಮುಂದಷ್ಟೇ ಉಕ್ಕುತ್ತದೆ.

ಇನ್ನು ವರಂಧಾ ಘಟ್ಟ. ಭೋರ್‌ನಿಂದ ಮಹಾಡ್‌ಗೆ ಇಳಿಯುವ ಈ ಹಾದಿಗೆ ಈಚಿನ ಮಳೆಗಾಲಗಳಲ್ಲಿ ಜಿಲ್ಲಾಡಳಿತ ಸಂಚಾರ ನಿರ್ಬಂಧದ ಆದೇಶ ಹೊರಡಿಸುತ್ತಲೇ ಇದೆ. ಕಾರಣ ಕಚೇರಿಯವರ ಕಲ್ಪನೆಯಲ್ಲ. 2021ರ ಜುಲೈ 22ರಂದು ಮಹಾಡ್ ತಾಲ್ಲೂಕಿನ ತಳಿಯೆ ಗ್ರಾಮದ ಮೇಲೆ ಗುಡ್ಡ ಕುಸಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಬಳಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಆ ಮೇಲೆ ಪುಣೆ ಜಿಲ್ಲಾಧಿಕಾರಿ ಮಳೆಗಾಲದ ಪ್ರವಾಸಿ ತಾಣಗಳಿಗೆ ನಿಷೇಧಾಜ್ಞೆ ಹಾಕಿದರು. ನೀರಿಗಿಳಿಯಬೇಡಿ, ಅಂಚಿನಲ್ಲಿ ಸೆಲ್ಫಿ ಬೇಡ ಎಂದು ಮರಾಠಿಯಲ್ಲಿ ಬರೆದರು. ನಮ್ಮ ಜೋಡಿಗೆ ಭಜಿ ಅಂಗಡಿಯ ದರಪಟ್ಟಿ ಓದುವಷ್ಟು ಮರಾಠಿ ಚೆನ್ನಾಗಿ ಬರುತ್ತದೆ, ಎಚ್ಚರಿಕೆಯ ಫಲಕದ ಮುಂದೆ ಮಾತ್ರ ಅಪ್ಪಟ ಕನ್ನಡಿಗರಾಗಿಬಿಡುತ್ತಾರೆ. ಬ್ಯಾರಿಕೇಡಿನ ಪಕ್ಕ ಸಂದು ಕಂಡಿತು. “ಏನಾಗಲ್ಲ ಬಾ” ಎಂದ. ಆಕೆ “ಅಲ್ರೀ, ರೊಕ್ಕ ಉಳಸಾಕ ಬಂದೇವೋ, ಜೀವ ಕಳಕೊಳ್ಳಾಕ ಬಂದೇವೋ?” ಎಂದು ಬೈದಳು, ಬೈಯುತ್ತಲೇ ಕ್ಯಾಮೆರಾ ಆನ್ ಮಾಡಿದಳು.

ಏನಾದರೂ ಆದರೆ ಹಗ್ಗ ಹಿಡಿದು ಕಣಿವೆಗೆ ಇಳಿಯುವವರು ಸುತ್ತಲಿನ ಹಳ್ಳಿಯ ಹುಡುಗರು, ಸ್ವಯಂಸೇವಕರು. ಆ ಖರ್ಚು ಯಾವ ಎಕ್ಸೆಲ್ ಶೀಟಿನಲ್ಲೂ ಇಲ್ಲ. ನಾಟಿಯಾದ ಇಂದ್ರಾಯಣಿ ಭತ್ತದ ಗದ್ದೆಗೆ ‘ಹಸಿರು ಹಿನ್ನೆಲೆ’ಗಾಗಿ ಇಳಿದು ತುಳಿದ ಸಸಿಗಳ ಬೆಲೆಯೂ ಇಲ್ಲ. ಮಳೆಯನ್ನೆಲ್ಲ ಮೈಮೇಲೆ ಸುರಿಸಿಕೊಳ್ಳುವುದು ಭೋರ್. ಭಾಟಘರ್, ನೀರಾ ದೇವಘರ್ ಅಣೆಕಟ್ಟುಗಳಿಗೆ ನೆಲ ಬಿಟ್ಟುಕೊಟ್ಟವರು ಈ ಕಣಿವೆಯ ಹಳ್ಳಿಗರು. ನೀರು ಮಾತ್ರ ಕಾಲುವೆ ಹಿಡಿದು ಬಾರಾಮತಿ, ಇಂದಾಪುರ, ಫಲಟಣದ ಕಬ್ಬಿಗೆ ಹೋಗುತ್ತದೆ, ಬೇಸಿಗೆಯಲ್ಲಿ ಗುಡ್ಡದ ಹೆಂಗಸರು ಕೊಡ ಹಿಡಿದು ನಿಲ್ಲುತ್ತಾರೆ. ನೀರು ಕೆಳಗಿನವರ ಪಾಲು, ರೀಲ್ಸ್ ಪುಣೆಯವರ ಪಾಲು, ಖಾಲಿ ಬಾಟಲಿ ಭೋರಿನ ಪಾಲು.

ಬಾಟಲಿಯ ವಿಷಯದಲ್ಲಿ ಡೆನ್ಮಾರ್ಕ್ ಜಾಣ ದೇಶ. ಅಲ್ಲಿ ನೀರಿನದೋ ಬಿಯರಿನದೋ ಬಾಟಲಿ ಕೊಂಡರೆ 1ರಿಂದ 3 ಕ್ರೋನ್ ಠೇವಣಿ ಸೇರಿಸಿಯೇ ಬಿಲ್ ಮಾಡುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸ್. ಒಂದು ಕ್ರೋನ್ ಎಂದರೆ ಹತ್ತು ರೂಪಾಯಿಗೂ ಮೇಲೆ. ಇದೇ ದಂಪತಿ ಕೋಪನ್‌ಹೇಗನ್ನಿಗೆ ಹೋಗಿದ್ದರೆ ಬೀದಿಯಲ್ಲಿ ಬಿದ್ದ ಬೇರೆಯವರ ಬಾಟಲಿಯನ್ನೂ ಹೆಕ್ಕಿ ಬ್ಯಾಗಿಗೆ ತುಂಬುತ್ತಿದ್ದರು. ವಾಹನವೇ ಇಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ಕಾದು ನಿಂತು, “ನೋಡು, ಇಲ್ಲಿನ ಶಿಸ್ತು!” ಎಂದು ವಿಡಿಯೊ ಹಾಕುತ್ತಿದ್ದರು. ಊರಿಗೆ ಬಂದು ನಮ್ಮ ದೇಶ ಯಾವಾಗ ಸುಧಾರಿಸುವುದೋ ಎಂದು ಭಾಷಣವನ್ನೂ ಮಾಡುತ್ತಿದ್ದರು. ನಾಗರಿಕತೆ ಇವರಿಗೆ ಬರುವುದಿಲ್ಲ ಎಂದಲ್ಲ. ಪಾಸ್‌ಪೋರ್ಟಿಗೆ ಸೀಲು ಬಿದ್ದ ಮೇಲಷ್ಟೇ ಬರುತ್ತದೆ.

ರಾತ್ರಿ ಮನೆ ಸೇರಿ ಲೆಕ್ಕ ಹಾಕಿದರು. ಡೆನ್ಮಾರ್ಕಿಗೆ ಲಕ್ಷಗಟ್ಟಲೆ ಆಗುತ್ತಿತ್ತು, ಭೋರ್ ಎರಡು ಸಾವಿರ ಚಿಲ್ಲರೆಯಲ್ಲಿ ಮುಗಿದಿದೆ. ಅದೇ ರೀಲ್ಸಿನ ಶೀರ್ಷಿಕೆಯೂ ಆಯಿತು. ನೋಡಿದವರು ಲೈಕ್ ಒತ್ತಿ ಮುಂದಿನ ಶನಿವಾರಕ್ಕೆ ಕಾರು ತೊಳೆಸಿದರು.

ಹೊರಡುವವರು ಹೊರಡಲಿ. ಭಜಿ ಹಾಕುವಾಕೆಗೂ ಗಿರಾಕಿ ಬೇಕು, ಗಂಡ ಹೆಂಡತಿ ಒಟ್ಟಿಗೆ ಮಳೆ ನೋಡುವುದು ತಪ್ಪಲ್ಲ. ಆದರೆ ಗಾಡಿ ಹತ್ತುವ ಮುಂಚೆ ಜಿಲ್ಲಾಡಳಿತದ ಆದೇಶ ಓದಿ. ರೊಟ್ಟಿಗೆ ಕೇಳಿದಷ್ಟು ಕೊಡಿ. ಗದ್ದೆಗೆ ಇಳಿಯಬೇಡಿ. ನಿಮ್ಮ ಬಾಟಲಿ ನಿಮ್ಮ ಕಾರಿನಲ್ಲೇ ವಾಪಸ್ ಬರಲಿ. ಭೋರ್ ಎಂದೂ ಅಗ್ಗದ ಊರಾಗಿರಲಿಲ್ಲ, ನಮ್ಮ ಬಿಲ್ಲಿನ ಬಾಕಿಯನ್ನು ಇಷ್ಟು ದಿನ ಆ ಊರಿನವರು ಕಟ್ಟುತ್ತಾ ಬಂದಿದ್ದಾರೆ.