ಬೈಗುಳವೆಲ್ಲ ಕೀಪರಿಗೇ

"ರಾಯರೇ, ಮೊಮ್ಮಗ ಯಾಕೆ ಮುಖ ಊದಿಸ್ಕೊಂಡು ಕೂತಿದಾನೆ?"

"ಸ್ಕೂಲ್ ಫುಟ್‌ಬಾಲ್ ಟೀಮಲ್ಲಿ ಗೋಲಿಗೆ ನಿಲ್ಲಿಸಿದಾರಂತೆ ಮೇಷ್ಟ್ರೇ. ಓಡೋಕಾಗದೋರಿಗೆ ಆ ಜಾಗ ಅಂತ ಹುಡುಗರು ಆಡ್ಕೊಂಡರಂತೆ."

"ಹಾಗಾದ್ರೆ ಅವನಿಗೆ ಇಟಲಿಯ ಗೋಲ್‌ಕೀಪರ್ ಡೀನೊ ಝೋಫ್ ಕಥೆ ಹೇಳ್ಬೇಕು. ಹದಿನಾಲ್ಕು ವರ್ಷದ ಹುಡುಗ ಆಗಿದ್ದಾಗ ಯುವೆಂಟಸ್ ಕ್ಲಬ್ಬಿನವರೂ ಇಂಟರ್ ಕ್ಲಬ್ಬಿನವರೂ 'ಕುಳ್ಳ' ಅಂತ ವಾಪಸ್ ಕಳಿಸಿದ್ರು. ಅಜ್ಜಿ ಸುಮ್ನಿರ್ತಾಳಾ? ದಿನಕ್ಕೆ ಎಂಟು ಮೊಟ್ಟೆ ತಿನ್ನಿಸಿದಳಂತೆ."

"ಎಂಟಾ! ನಮ್ಮನೇಲಿ ಮೊಟ್ಟೆ ಹೊಸಿಲು ದಾಟೋ ಹಾಗಿಲ್ಲ."

"ನಿಮ್ಮನೇದು ಬಿಡಿ. ಅದೇ ಹುಡುಗ ಮುಂದೆ ಅದೇ ಯುವೆಂಟಸ್‌ಗೆ ಹನ್ನೊಂದು ವರ್ಷ ಕೀಪರ್ ಆದ. ದೇಶದ ತಂಡದಲ್ಲಂತೂ 1972ರಿಂದ 74ರವರೆಗೆ 1142 ನಿಮಿಷ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಕೊನೆಗೆ ವರ್ಲ್ಡ್ ಕಪ್‌ನಲ್ಲಿ ಗೋಲು ಹೊಡೆದೋರು ಯಾರು ಗೊತ್ತಾ? ಹೈಟಿ!"

"ಹೈಟಿನಾ?"

"ಹೂಂ, ಸಾನೋನ್ ಅಂತ. ಮ್ಯಾಚ್ ಇಟಲೀನೇ 3-1ರಲ್ಲಿ ಗೆದ್ದದ್ದು, ಆದ್ರೂ ಜನ ನೆನಪಿಟ್ಟುಕೊಂಡಿರೋದು ಆ ಒಂದು ಗೋಲನ್ನೇ. 78ರ ವರ್ಲ್ಡ್ ಕಪ್ಪಲ್ಲಿ ದೂರದಿಂದ ಹೊಡೆದ ಒಂದಷ್ಟು ಶಾಟ್ ಒಳಗೆ ಹೋದವು ನೋಡಿ, 'ಮುದುಕನಿಗೆ ಕಣ್ಣು ಕಾಣಲ್ಲ' ಅಂದ್ರು. ಈ ಮನುಷ್ಯ ತುಟಿ ಬಿಚ್ಚಲಿಲ್ಲ. 82ರಲ್ಲಿ ನಲವತ್ತನೇ ವಯಸ್ಸಲ್ಲಿ ಕ್ಯಾಪ್ಟನ್ ಆಗಿ ಕಪ್ ಎತ್ತಿದ. ಬ್ರೆಜಿಲ್ ಮೇಲೆ 3-2 ಇದ್ದಾಗ, ಇನ್ನೇನು ಮುಗೀತು ಅನ್ನೋ ಹೊತ್ತಲ್ಲಿ, ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನ ಸರಿಯಾಗಿ ಗೆರೆ ಮೇಲೆ ಅದುಮಿ ಹಿಡಿದ್ನಲ್ಲ, ಅದು ಕೈ ಜಾರಿದ್ರೆ ಕಪ್ಪೇ ಇಲ್ಲ. ವಾಪಸ್ ಬರೋವಾಗ ವಿಮಾನದಲ್ಲಿ ರಾಷ್ಟ್ರಪತಿ ಪೆರ್ತೀನಿ, ಕೋಚ್ ಬೆಯರ್ಜೋತ್, ತಂಡದ ಆಟಗಾರ ಕೌಸಿಯೊ, ಇವನು, ನಾಲ್ಕು ಜನ ಇಸ್ಪೀಟು ಆಡಿದ್ರು. ಪೆರ್ತೀನಿಗೆ ಇವನೇ ಜೋಡಿ. ಆಟ ಸೋತಾಗ ಆ ಅಜ್ಜ ಬೈದದ್ದು ಇವನನ್ನೇ ಅಂತೆ!"

"ವರ್ಲ್ಡ್ ಕಪ್ ತಂದುಕೊಟ್ರೂ ಬೈಗುಳ ತಪ್ಪಲಿಲ್ಲ ಅನ್ನಿ. ಆಮೇಲೆ ಕೋಚ್ ಆದ್ನಾ?"

"ಆದ. 1990ರಲ್ಲಿ ಯುವೆಂಟಸ್‌ಗೆ ಒಂದೇ ಸೀಸನ್ನಲ್ಲಿ ಯುಎಫಾ ಕಪ್ಪೂ ಇಟಲಿ ಕಪ್ಪೂ ಗೆದ್ದುಕೊಟ್ಟ. ಅವರು ಕೈಮುಗಿದು ಬೀಳ್ಕೊಟ್ರು."

"ಯಾಕಂತೆ?"

"ಹೊಸ ಥರ ಆಡಿಸೋ ಕೋಚ್ ಬೇಕಾಗಿತ್ತು ಅವರಿಗೆ. ಬಂದ ಹೊಸಬ ಒಂದು ವರ್ಷಕ್ಕೇ ಗಂಟುಮೂಟೆ ಕಟ್ಟಿದ, ಅದು ಬೇರೆ ಮಾತು. ಇವನು ಲಾಜಿಯೊಗೆ ಹೋದ, ಅಲ್ಲಿ ಕೋಚ್ ಆಗಿದ್ದು ಕ್ಲಬ್ಬಿನ ಅಧ್ಯಕ್ಷನೂ ಆದ. ಅಧ್ಯಕ್ಷ ಆಗಿದ್ದಾಗಲೇ ಒಮ್ಮೆ ಕೋಚನ್ನ ತೆಗೆದ್ರು, ತಾನೇ ಹೋಗಿ ಬೆಂಚಲ್ಲಿ ಕೂತ! 98ರಲ್ಲಿ ದೇಶದ ತಂಡ ಕೈಗೆ ಬಂತು. ನನಗೆ ಬಹಳ ಇಷ್ಟ ಆದದ್ದು ಯೂರೋ 2000. ಟೂರ್ನಿ ಮುಂಚೆ ಬುಫೋನ್ ಕೈ ಮುರ್ಕೊಂಡ, ಟೋಲ್ಡೊ ಅನ್ನೋನು ನಿಂತ. ಸೆಮಿಫೈನಲ್ಲು ಆಮ್‌ಸ್ಟರ್‌ಡ್ಯಾಮಲ್ಲಿ, ಹಾಲೆಂಡ್ ಎದುರು. ಇಟಲಿಗೆ ಹತ್ತೇ ಜನ. ಪೆನಾಲ್ಟಿ ಒಂದನ್ನ ಟೋಲ್ಡೊ ಹಿಡಿದ, ಇನ್ನೊಂದು ಕಂಬಕ್ಕೆ ಬಡೀತು, ಆಮೇಲೆ ಶೂಟೌಟಲ್ಲೂ ಅವನೇ ತಡೆದ. ಫೈನಲ್ಲಲ್ಲಿ ಫ್ರಾನ್ಸ್ ಮೇಲೆ 1-0 ಮುಂದೆ. ಕಪ್ ಕೈಯಲ್ಲಿದೆ ಅನ್ನೋಷ್ಟರಲ್ಲಿ, ಇಂಜುರಿ ಟೈಮಲ್ಲಿ ವಿಲ್ಟೋರ್ ಸಮ ಮಾಡಿದ, ಆಗೆಲ್ಲ ಎಕ್ಸ್‌ಟ್ರಾ ಟೈಮಲ್ಲಿ ಮೊದಲು ಹೊಡೆದೋರೇ ಗೆದ್ದ ಹಾಗೆ, ಟ್ರೆಝೆಗೆ ಆ ಗೋಲ್ಡನ್ ಗೋಲ್ ಹೊಡೆದು ಮುಗಿಸಿದ."

"ಅಯ್ಯೋ ಪಾಪ."

"ಪಾಪ ಅಂತ ನೀವಂತೀರಿ. ಆಗ ಎಸಿ ಮಿಲಾನ್ ಮಾಲೀಕರಾಗಿದ್ದ ಮಾಜಿ ಪ್ರಧಾನಿ ಬೆರ್ಲುಸ್ಕೋನಿ ಏನಂದ್ರು ಗೊತ್ತಾ? ಫ್ರಾನ್ಸಿನ ಜಿದಾನ್‌ನ ಬೆನ್ನಿಗೆ ಒಬ್ಬನನ್ನ ಬಿಡಬೇಕಿತ್ತು, ಇದು ಎಳಸಿಗೂ ಹೊಳೀತಿತ್ತು ಅಂತ. ಜೀವಮಾನವೆಲ್ಲ ಬೈಸಿಕೊಂಡು ಬಾಯಿ ಮುಚ್ಚಿದ್ದ ಆಸಾಮಿ ಅವತ್ತು ಮಾತ್ರ ಸುಮ್ಮನಿರಲಿಲ್ಲ. ಫೈನಲ್ ಮುಗಿದು ಎರಡು ದಿನಕ್ಕೆ ಪತ್ರಿಕೆಯವರನ್ನ ಕರೆದು ರಾಜೀನಾಮೆ ಕೊಟ್ಟ."

"ಯಾರೋ ಏನೋ ಅಂದ್ರು ಅಂತ ಕುರ್ಚಿ ಬಿಡೋದಾ? ನಾನಾಗಿದ್ರೆ ಕೇಳಿಸ್ಲಿಲ್ಲ ಅಂತಿದ್ದೆ."

"ನೀವು ಸರ್ಕಾರಿ ನೌಕರಿ ಮಾಡಿದೋರು. ಆಟ ತಿಳಿದೋರು ಬೈದ್ರೆ ನುಂಗ್ಕೋತಿದ್ದನೇನೋ, ಮಾಲೀಕರ ಗ್ಯಾಲರೀಲಿ ಕೂತೋರು ಎಳಸು ಅಂದ್ರೆ? ನನ್ನ ಲೆಕ್ಕದಲ್ಲಿ ಅವನು ಮಾಡಿದ್ದು ಸರಿ."

"ಅವನ ಜಾಗಕ್ಕೆ ಯಾರು ಬಂದ್ರು?"

"ಟ್ರಪಟ್ಟೋನಿ. 2002ರ ವರ್ಲ್ಡ್ ಕಪ್‌ನಲ್ಲಿ ಕೊರಿಯಾ ಎದುರು ಅವರೂ ಗೋಲ್ಡನ್ ಗೋಲಲ್ಲೇ ಸೋತರು."

"ಅವರೂ ರಾಜೀನಾಮೆ ಕೊಟ್ರಾ?"

"ಎಲ್ಲಿ! 2004ರ ತನಕ ಇದ್ರು. ಅವರು ಕೀಪರ್ ಅಲ್ಲ ರಾಯರೇ, ಮಿಡ್‌ಫೀಲ್ಡ್‌ನೋರು."